ಅಂಟಾರ್ಕ್ಟಿಕಾದಲ್ಲಿ ಸಂಶೋಧನೆ ಮಾಡಲು ಏನು ಓದಬೇಕು?

ಧ್ರುವ ವಿಜ್ಞಾನ ಅಂತಲೇ ಪದವಿ ಬೇಕಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಜೀವಶಾಸ್ತ್ರ, ಯಾವುದರಲ್ಲಿ ಎಂಎಸ್ಸಿ ಮಾಡಿದ್ದರೂ ದಾರಿ ಇದೆ.

ಯಾಕಂದ್ರೆ ಅಲ್ಲಿ ಕೊರೆದು ತೆಗೆದ ಒಂದು ಹಿಮದ ಕಂಬಕ್ಕೇ ಹಲವು ವಿದ್ಯೆ ಬೇಕು. ಅದರೊಳಗೆ ಸಾವಿರಾರು ವರ್ಷ ಹಳೆಯ ಗಾಳಿ ಸಣ್ಣ ಸಣ್ಣ ಗುಳ್ಳೆಗಳಾಗಿ ಸಿಕ್ಕಿಕೊಂಡಿರುತ್ತದೆ. ಆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿತ್ತು ಅಂತ ಅಳೆಯಲು ರಸಾಯನಶಾಸ್ತ್ರ ಬೇಕು. ಪದರದಲ್ಲಿರುವ ಜ್ವಾಲಾಮುಖಿಯ ಬೂದಿ ಗುರುತಿಸಲು ಭೂವಿಜ್ಞಾನ.

ಭಾರತದ ತಂಡಗಳನ್ನು ಕಳಿಸುವುದು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಅಂದರೆ ಎನ್‌ಸಿಪಿಒಆರ್. ಅಲ್ಲಿನ ಪಿಎಚ್‌ಡಿ, ಪ್ರಾಜೆಕ್ಟ್ ಹುದ್ದೆಗಳ ಪ್ರಕಟಣೆ ನೋಡುತ್ತಿರಿ. ಹವಾಮಾನ ಬದಲಾವಣೆಯಲ್ಲೇ ಆಸಕ್ತಿ ಜಾಸ್ತಿ ಇದ್ದರೆ ಬೆಂಗಳೂರಿನ ಐಐಎಸ್ಸಿಯ ದಿವೇಚಾ ಕೇಂದ್ರ ತುಂಬಾ ಒಳ್ಳೆಯ ಜಾಗ.

ವಿಜ್ಞಾನ ಓದದವರಿಗೂ ಅವಕಾಶವಿದೆ. ಅಂಟಾರ್ಕ್ಟಿಕಾದಲ್ಲಿರುವ ಭಾರತದ ಮೈತ್ರಿ, ಭಾರತಿ ನೆಲೆಗಳಿಗೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಡಗು ಬರುವುದಿಲ್ಲ. ಹಾಗಾಗಿ ಅಡುಗೆಯವರು, ಎಲೆಕ್ಟ್ರಿಷಿಯನ್, ಜನರೇಟರ್ ಮೆಕ್ಯಾನಿಕ್ ಎಲ್ಲರೂ ತಂಡದಲ್ಲೇ ಇರಬೇಕು.