ತಂದೆ ತೀರಿಕೊಂಡ ವರ್ಷದಲ್ಲಿ ಮನೆಯ ಸಣ್ಣ ಸಂತೋಷಗಳನ್ನು ಆಚರಿಸಬಹುದೇ?

ನಿಮ್ಮ ತಂದೆ ತೀರಿಕೊಂಡು ಎಂಟು ತಿಂಗಳಾಗಿದೆ. ಮಗಳು ಹೆಜ್ಜೆ ಇಡಲು ಶುರು ಮಾಡಿದ್ದಾಳೆ, ಅವಳ ಜವಳ ತೆಗೆಸುವುದು ಬಾಕಿ ಇದೆ, ತಮ್ಮನಿಗೆ ಮೊದಲ ನೌಕರಿ ಸಿಕ್ಕಿದೆ. ವರ್ಷ ತುಂಬುವ ತನಕ ಮನೆಯಲ್ಲಿ ಸಿಹಿ ಮಾಡಬಾರದು ಎಂದು ಹಿರಿಯರು ಹೇಳುತ್ತಿದ್ದಾರೆ, ನಿಮಗೂ ನಗಲು ಸಂಕೋಚ. ಬೇರೆಯವರ ಮನೆಯಲ್ಲಿ ಏನು ಮಾಡಿದರು ಎಂದು ಕೇಳಿದ್ದೀರಿ.

ನೇರವಾಗಿಯೇ ಹೇಳುತ್ತೇನೆ: ಆಚರಿಸಿ. ದೊಡ್ಡದಾಗಿ ಬೇಡ, ಆದರೆ ಮುಚ್ಚುಮರೆಯಿಂದಲೂ ಬೇಡ. ಯಾಕೆ ಹೀಗೆ ಹೇಳುತ್ತೇನೆ ಎನ್ನುವುದಕ್ಕೆ ನಮ್ಮ ಮನೆಯ ಸಂಗತಿಯನ್ನೇ ಬರೆಯುತ್ತೇನೆ.

ನಾನು ಕಲಬುರಗಿಯವಳು. ಅಪ್ಪ ಇಲ್ಲಿನ ದಾಲ್ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡುವ ಮುನೀಮರಾಗಿದ್ದರು. ಶ್ರಾವಣದಲ್ಲಿ ತೀರಿಕೊಂಡರು. ನಮ್ಮದು ಶರಣರನ್ನು ನಂಬಿದ ಮನೆ. 12ನೇ ಶತಮಾನದಲ್ಲಿ, ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಜಾತಿ, ಜನನ, ಮರಣ, ಮುಟ್ಟು, ಎಂಜಲು ಎಂಬ ಐದೂ ಸೂತಕಗಳನ್ನು ಶರಣರು ತಳ್ಳಿಹಾಕಿದ್ದರು ಎಂದು ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹಾಗಿದ್ದರೂ ಸಾವಾದ ಮನೆಯಲ್ಲಿ ವರ್ಷದ ತನಕ ಹೋಳಿಗೆ ಹಂಚು ಒಲೆಯ ಮೇಲೆ ಏರುವುದಿಲ್ಲ. ತತ್ವ ಒಂದು ಕಡೆ, ಓಣಿಯವರ ಮಾತು ಇನ್ನೊಂದು ಕಡೆ. ಆಗ ಈ ಗಂಟನ್ನು ಬಿಡಿಸಿದವರು ನಮ್ಮ ಕಾಕಾ, ಅಪ್ಪನ ತಮ್ಮ. ಮಣ್ಣು ಮಾಡಿ ಬಂದು ಕೆಲವು ವಾರಗಳಾಗಿದ್ದವು, ಗಣೇಶ ಚೌತಿ ಹತ್ತಿರ ಬಂದಿತ್ತು. ಅವ್ವನ ಎದುರಿಗೆ ಕುಳಿತು, "ವೈನಿ, ಅಣ್ಣನಿಗೆ ಸಿಹಿ ಎಂದರೆ ಪ್ರಾಣ. ಅವನ ಹೆಸರು ಹೇಳಿ ಮೊಮ್ಮಕ್ಕಳ ಬಾಯಿ ಕಟ್ಟಬೇಡಿ. ನಿಮಗೆ ಮನಸ್ಸಿಲ್ಲದಿದ್ದರೆ ನೀವು ಮಾಡಬೇಡಿ, ನಮ್ಮ ಮನೆಯಿಂದ ಕಡಬು ಕಳಿಸುತ್ತೇನೆ" ಎಂದರು. ಕಳಿಸಿದರು ಕೂಡ. ಹಬ್ಬ ಮಾಡಲು ಒಬ್ಬರಿಗೆ ಮನಸ್ಸಿಲ್ಲದಿರುವುದು ಬೇರೆ, ಮನೆಯವರೆಲ್ಲ ಹಬ್ಬ ಬಿಡಬೇಕೆಂದು ಕಟ್ಟು ಹಾಕುವುದು ಬೇರೆ. ಅದನ್ನು ಕಾಕಾ ಎಷ್ಟು ಸಲೀಸಾಗಿ ತಿಳಿಸಿಕೊಟ್ಟರೆಂದರೆ, ಅವ್ವನಿಗೂ ನೋವಾಗಲಿಲ್ಲ, ಮಕ್ಕಳಿಗೂ ಮೋಸವಾಗಲಿಲ್ಲ.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಚಿತ್ತಾಪುರ ತಾಲ್ಲೂಕಿನ ನಮ್ಮ ಹೊಲಕ್ಕೆ ಹೋಗಬೇಕೋ ಬೇಡವೋ ಎಂದು ಮತ್ತೆ ಮಾತು ಬಂತು. ಈ ಕಡೆಯವರಲ್ಲದವರಿಗೆ ಒಂದು ಮಾತು: ಡಿಸೆಂಬರಿಗೋ ಜನವರಿಗೋ ಬರುವ ಈ ಅಮಾವಾಸ್ಯೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ರೈತರಿಗೆ ದೀಪಾವಳಿಗಿಂತ ಹೆಚ್ಚು. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಗೆ ಚರಗ (ನೈವೇದ್ಯದ ಅಡುಗೆ) ಚೆಲ್ಲಿ, ಎಲ್ಲರೂ ಸಾಲಾಗಿ ಕುಳಿತು ಉಣ್ಣುತ್ತಾರೆ. ಹಸಿ ತೊಗರಿ, ಅವರೆ, ಕಡಲೆ ಸೊಪ್ಪು, ಮೆಂತ್ಯ, ಬದನೆ ಎಲ್ಲ ಸೇರಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಅಂಬಲಿ, ಶೇಂಗಾ ಹಿಂಡಿ. ಆ ಹೊತ್ತಿಗೆ ತೊಗರಿ ಕೊಯ್ಲಿಗೆ ಬಂದಿರುತ್ತದೆ, ಬಿಳಿಜೋಳ ಎದೆಯುದ್ದ ನಿಂತಿರುತ್ತದೆ. ಬೆಳೆಗೆ ಯಾರ ಸಾವೂ ಗೊತ್ತಿಲ್ಲ, ಅದಕ್ಕೆ ಚರಗ ತಪ್ಪಿಸುವುದು ಸರಿಯಲ್ಲ ಎಂದು ಕೊನೆಗೆ ಅವ್ವನೇ ತೀರ್ಮಾನ ಮಾಡಿದಳು. ಹೋದೆವು.

ಚರಗ ಚೆಲ್ಲುವುದು ಅಪ್ಪನ ಕೆಲಸವಾಗಿತ್ತು. ಆ ಸಲ ಕಾಕಾ ಚರಗದ ಬುಟ್ಟಿಯನ್ನು ನನ್ನ ಮಗಳ ಕೈಗೆ ಕೊಟ್ಟರು. ಹೆಣ್ಣುಮಗು ಚರಗ ಚೆಲ್ಲುವುದು ನಮ್ಮ ಮನೆಯಲ್ಲಿ ಅದೇ ಮೊದಲು. ಅವಳು ನೀರಿನ ತಂಬಿಗೆ ಹಿಡಿದ ತಮ್ಮನನ್ನು ಹಿಂದೆ ಹಾಕಿಕೊಂಡು ಬದುವಿನ ಮೇಲೆ ನಡೆದಳು. ನಡುವೆ ನಿಂತು ಒಂದು ತೊಗರಿ ಕಾಯಿ ಬಿಡಿಸಿ, ಕಾಳನ್ನು ಹಲ್ಲಿಗಿಟ್ಟು ಕಡಿದು ನೋಡಿದಳು. ಅದು ಅವಳ ಮುತ್ಯಾನ ಅಭ್ಯಾಸ. ಮಿಲ್ಲಿಗೆ ಬಂದ ಪ್ರತಿ ಚೀಲದಿಂದಲೂ ಅಪ್ಪ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿಯುತ್ತಿದ್ದರು. ಟಕ್ಕೆಂದು ಒಡೆದರೆ ಒಣಗಿದೆ, ಹಲ್ಲಿಗೆ ಮೆತ್ತಿದರೆ ಹಸಿ ಇದೆ. ಹಸಿ ಕಾಳು ಯಂತ್ರಕ್ಕೆ ಹೋದರೆ ಬೇಳೆಯಾಗುವುದಿಲ್ಲ, ನುಚ್ಚಾಗುತ್ತದೆ. ಕಾಳಿನ ಸಿಪ್ಪೆಯನ್ನು ಮೊದಲು ಕೆರೆಸಿ, ಎಣ್ಣೆ ಸವರಿ, ನೀರು ಸಿಂಪಡಿಸಿ, ಬಿಸಿಲಿಗೆ ಹರವಿ, ಆಮೇಲೆ ಒಡೆಸಬೇಕು ಎಂದು ಊಟಕ್ಕೆ ಕುಳಿತಾಗೆಲ್ಲ ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಈ ನೆಲದ್ದೇ ಸರಕು ಎಂದು ಗುರುತಿಸುವ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಾಗ ಆ ಸುದ್ದಿಯ ತುಣುಕನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದರು, ಇವತ್ತಿಗೂ ಇದೆ. ಅಂಥವರ ಮೊಮ್ಮಗಳು ಹೊಲದಲ್ಲಿ ನಿಂತು ಕಾಳು ಕಡಿದಳು. ಅವ್ವ ಅದನ್ನು ನೋಡಿ ನಕ್ಕಳು. ಶ್ರಾವಣದಿಂದ ಈಚೆಗೆ ಅವಳು ಬಾಯಿ ತುಂಬ ನಕ್ಕದ್ದು ಅಂದೇ. ಮನೆಯಲ್ಲಿ ಕುಳಿತಿದ್ದರೆ ಆ ನಗು ನಮಗೆ ಸಿಗುತ್ತಿರಲಿಲ್ಲ.

ಈಗ ನಿಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಅದೇ ಚಳಿಗಾಲದಲ್ಲಿ ಮಗಳಿಗೆ ಶಾಲೆಯ ಚಿತ್ರಕಲೆ ಸ್ಪರ್ಧೆಯಲ್ಲಿ ಬಹುಮಾನ ಬಂತು. ಪ್ರಮಾಣಪತ್ರ ಹಿಡಿದು ಓಡಿಬಂದಳು. ಮನೆಗೆ ಬಂದಿದ್ದ ನೆಂಟರೊಬ್ಬರು ಅವಳ ತಲೆ ಸವರಿ, "ನಿಮ್ಮ ಮುತ್ಯಾ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ" ಎಂದು ಕಣ್ಣೊರೆಸಿಕೊಂಡರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಹುಡುಗಿಯ ಮುಖ ನೋಡಬೇಕಿತ್ತು. ಪ್ರಮಾಣಪತ್ರವನ್ನು ಮೆಲ್ಲನೆ ಚೀಲದೊಳಗೆ ಇಟ್ಟುಬಿಟ್ಟಳು. ಆಮೇಲೆ ಮಗ ಸೈಕಲ್ ಕಲಿತಾಗಲೂ ಅದೇ ಮಾತು, ಹೊಸ ಫ್ರಿಜ್ ಬಂದಾಗಲೂ ಅದೇ ಮಾತು. ಪ್ರತಿ ಸಂತೋಷಕ್ಕೂ ಈ "ಇದ್ದಿದ್ದರೆ" ಎನ್ನುವ ಬಾಲ ಹಚ್ಚಿದರೆ ಮಕ್ಕಳಿಗೆ ಏನನ್ನಿಸುತ್ತದೆ? ತಾವು ಏನು ಮಾಡಿದರೂ ಅದು ಅರ್ಧವೇ ಅನ್ನಿಸುತ್ತದೆ. ಮುತ್ಯಾನ ಹೆಸರು ಬಂದರೆ ಆಯಿ (ಅಜ್ಜಿ) ಅಳುತ್ತಾಳೆ ಎಂದು ಆ ಹೆಸರನ್ನೇ ತೆಗೆಯದಂತಾಗುತ್ತಾರೆ. ಸತ್ತವರನ್ನು ಮನೆಯಿಂದ ನಿಜವಾಗಿ ಹೊರಗೆ ಹಾಕುವುದು ಹೀಗೆಯೇ, ಹಬ್ಬ ಮಾಡಿದ್ದರಿಂದ ಅಲ್ಲ.

ಅದಕ್ಕೆ ನಾನು ಮತ್ತು ನನ್ನ ಯಜಮಾನರು ಕುಳಿತು ಒಂದು ನಿರ್ಧಾರ ಮಾಡಿದೆವು. ಅಪ್ಪ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವ ಮಾತು ಮಕ್ಕಳ ಮುಂದೆ ಬೇಡ. ಅಪ್ಪ ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಎನ್ನುವುದನ್ನು ಧಾರಾಳವಾಗಿ ಹೇಳೋಣ.

ಇದರ ಫಲ ಕಂಡದ್ದು ಬೇಸಿಗೆಯಲ್ಲಿ. ನಮ್ಮೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಮನೆಯೊಳಗಿನ ಶಹಾಬಾದ್ ಕಲ್ಲಿನ ಪರಸಿ ಕೂಡ ಕಾದು, ರಾತ್ರಿಯಾದರೂ ಬೆಚ್ಚಗೇ ಇರುತ್ತದೆ. ಹೋಳಿ ಹುಣ್ಣಿಮೆಯ ಐದನೆಯ ದಿನ ಶರಣಬಸವೇಶ್ವರರ ತೇರು. ತೇರಾದ ಮಾರನೆಯ ದಿನ ಅಪ್ಪ ತಪ್ಪದೆ ಕೂಲರ್ ಇಳಿಸುತ್ತಿದ್ದರು. ಮೂರು ಬದಿಯ ಜಾಲರಿ ಬಿಚ್ಚಿ, ಹಳೆಯ ಹುಲ್ಲು ಕಿತ್ತು, ತಳದಲ್ಲಿ ಕಟ್ಟಿದ ಉಪ್ಪಿನ ಹಕ್ಕಳೆಯನ್ನು ಕೆರೆದು, ಪಂಪು ತೊಳೆದು, ಪೇಟೆಯಿಂದ ತಂದ ಹೊಸ ಹುಲ್ಲು ತುಂಬುತ್ತಿದ್ದರು. ಬೇಸಿಗೆ ಮುಗಿಯುವ ತನಕ ಬೆಳಿಗ್ಗೆ, ಸಂಜೆ ನೀರು ತುಂಬುವುದೂ ಅವರದೇ ಕೆಲಸ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಕಿಟಕಿಯ ಮೇಲೆ ಇಡದೆ ಯಾರೂ ಕೂಲರಿಗೆ ನೀರು ಹಾಕುವಂತಿಲ್ಲ ಎಂಬುದು ಅವರ ಕಟ್ಟಪ್ಪಣೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಕೂಲರಿನ ತಗಡಿಗೆ ಕರೆಂಟ್ ಹರಿದು ಪ್ರತಿ ಬೇಸಿಗೆಯಲ್ಲೂ ಎಲ್ಲೋ ಒಂದು ಕಡೆ ಜೀವ ಹೋಗುತ್ತದೆ. ಅಪ್ಪನ ಈ ಅಪ್ಪಣೆಯನ್ನು ಓದುವವರೆಲ್ಲ ಪಾಲಿಸಿರಿ ಎಂದು ಕೈಮುಗಿದು ಕೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲಿನ ಆ ಬೇಸಿಗೆಯಲ್ಲಿ ಯಜಮಾನರು ಹುಲ್ಲು ತುಂಬಲು ಕುಳಿತರು. ಪಕ್ಕದಲ್ಲಿದ್ದ ಮಗ, "ಒತ್ತಬೇಡಿ ಪಪ್ಪಾ, ಮುತ್ಯಾ ಸಡಿಲವಾಗಿ ಹಾಕುತ್ತಿದ್ದರು. ಒತ್ತಿದರೆ ಗಾಳಿ ಬರುವುದಿಲ್ಲ" ಎಂದ. ಹೌದು, ಅದೇ ಸರಿ. ಯಜಮಾನರು ಎದ್ದು ಅವನಿಗೇ ಜಾಗ ಬಿಟ್ಟರು. ಮೊದಮೊದಲು ಅರ್ಧ ಬಕೆಟ್ ನೀರು ತರುತ್ತಿದ್ದವನು ಬೇಸಿಗೆ ಮುಗಿಯುವ ಹೊತ್ತಿಗೆ ತುಂಬಿದ ಬಕೆಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿ, ಹನಿ ಚೆಲ್ಲದೆ ಸುರಿದ. ಅಂದು ಸಂಜೆ ಎಲ್ಲರೂ ಅಪ್ಪನ ಕೆರೆ ಎಂದೇ ಹೆಸರಾದ ಊರ ಕೆರೆಯ ದಂಡೆಗೆ ಹೋಗಿ ಕಬ್ಬಿನ ಹಾಲು ಕುಡಿದು ಬಂದೆವು. ಬಕೆಟ್ ಎತ್ತಿದ್ದಕ್ಕೂ ಸಂಭ್ರಮವೇ ಎಂದು ಯಾರಿಗಾದರೂ ಅನ್ನಿಸಬಹುದು. ನಮ್ಮ ಮನೆಯಲ್ಲಿ ಅದು ಸಂಭ್ರಮವೇ.

ಸಣ್ಣ ಮೈಲಿಗಲ್ಲುಗಳೆಂದರೆ ಮಕ್ಕಳವೇ ಎಂದು ನಾವು ತಿಳಿದಿರುತ್ತೇವೆ. ನಿಮ್ಮ ಪ್ರಶ್ನೆಯಲ್ಲಿಯೂ ಮಗಳಿದ್ದಾಳೆ, ತಮ್ಮನಿದ್ದಾನೆ, ತಾಯಿಯ ಮಾತು ಬಂದಿಲ್ಲ. ದಯವಿಟ್ಟು ಅವರ ಕಡೆಗೂ ನೋಡಿ. ಬ್ಯಾಂಕು, ಕಚೇರಿ, ಗ್ಯಾಸು, ಕರೆಂಟ್ ಬಿಲ್ಲು ಎಲ್ಲವನ್ನೂ ಅಪ್ಪನೇ ನೋಡಿಕೊಂಡ ಮನೆಯಲ್ಲಿ, ಅಪ್ಪ ಹೋದ ಮೇಲೆ ಅವ್ವ ಹೊಸದಾಗಿ ಕಲಿಯುವುದು ಎಷ್ಟೋ ಇರುತ್ತದೆ. ಅಪ್ಪನಿಗೆ ಭವಿಷ್ಯ ನಿಧಿಯ ಪಿಂಚಣಿ ಬರುತ್ತಿತ್ತು. ಅವರ ನಂತರ ಅದರ ಅರ್ಧ ಅವ್ವನಿಗೆ. ದೊಡ್ಡ ಮೊತ್ತವಲ್ಲ, ಈ ಪಿಂಚಣಿಯ ಕನಿಷ್ಠವೇ ತಿಂಗಳಿಗೆ 1,000 ರೂಪಾಯಿ. ಆದರೂ ಅದು ಅವಳ ಸ್ವಂತ ಖಾತೆಗೆ ಬೀಳುವ ಹಣ. ಅದಕ್ಕಾಗಿ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ಜೀವನ ಪ್ರಮಾಣಪತ್ರ ಕೊಡಬೇಕು. ರೊಟ್ಟಿ ತಟ್ಟಿ ತಟ್ಟಿ ಸವೆದ ಅವಳ ಬೆರಳನ್ನು ಯಂತ್ರ ಹಿಡಿಯಲೇ ಇಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನವನ್ನು ಮಗಳು ಅವಳಿಗೆ ಹೇಳಿಕೊಟ್ಟಳು. ಅವ್ವ ಸೆರಗು ಸರಿಮಾಡಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಬೆಳಕು ಬೀಳುವ ಹಾಗೆ ಕಟ್ಟೆಯ ಮೇಲೆ ಕುಳಿತಳು. ಕಣ್ಣು ಮಿಟುಕಿಸಿ ಎಂದು ಮೊಬೈಲ್ ಕೇಳಿತು. ಅವಳು ಕಣ್ಣು ಮುಚ್ಚಿ ಹಾಗೆಯೇ ಕುಳಿತುಬಿಟ್ಟಳು, ದೇವರ ಮುಂದೆ ಕುಳಿತಂತೆ. "ಆಯಿ, ಮುಚ್ಚಿ ತೆರೆಯಬೇಕು" ಎಂದಳು ಮಗಳು. ತೆರೆದಳು. ಆಯಿತು ಎಂದು ಹಸಿರು ಗುರುತು ಬಂತು.

ಅವ್ವ ಬಹಳ ಹೊತ್ತು ಆ ಮೊಬೈಲನ್ನು ಹಿಡಿದುಕೊಂಡೇ ಇದ್ದಳು. "ಇದನ್ನು ಮುಂದಿನ ವರ್ಷ ನಾನೇ ಮಾಡುತ್ತೇನೆ" ಎಂದಳು. ಆ ದಿನ ಅವಳೇ ಎದ್ದು ಹೋಗಿ ಸಿಹಿ ಸಜ್ಜಕ ಮಾಡಿದಳು. ಯಾರೂ ಮಾಡೆಂದು ಹೇಳಿರಲಿಲ್ಲ. ಮರುವರ್ಷ ಹೇಳಿದಂತೆ ತಾನೇ ಮಾಡಿದಳು ಕೂಡ, ಪಕ್ಕದ ಮನೆಯ ಅಕ್ಕನಿಗೂ ಮಾಡಿಕೊಟ್ಟಳು. ನಿಮ್ಮ ತಾಯಿಯೂ ಇದೇ ಪಿಂಚಣಿಯವರಾಗಿದ್ದರೆ ನವೆಂಬರಿನ ನೂಕುನುಗ್ಗಲಿಗೆ ಕಾಯಬೇಡಿ. ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ.

ಅಪ್ಪನ ಮೊದಲ ಪುಣ್ಯಸ್ಮರಣೆಗೆ ಫ್ಲೆಕ್ಸ್ ಹಾಕಿಸೋಣ ಎಂದು ಕೆಲವರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅರಳಗುಂಡಗಿಯಿಂದ ಬಂದು ಈ ಊರಿನಲ್ಲಿ ನೆಲೆಸಿದ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು, ಹೊಲಕ್ಕೆ ಬಂದ ಹಕ್ಕಿಗಳನ್ನೂ ಓಡಿಸದವರು. ಅವರ ದಾಸೋಹಕ್ಕೆ ಒಂದು ಚೀಲ ತೊಗರಿ ಬೇಳೆ ಕೊಟ್ಟೆವು. ಚೀಲ ಆರಿಸಲು ಮಿಲ್ಲಿಗೆ ಹೋದದ್ದು ಅವ್ವ ಮತ್ತು ಮಗಳು. ಯಾವುದು ಒಳ್ಳೆಯದು ಎಂದು ಅವರಿಬ್ಬರೂ ಹೇಗೆ ನೋಡಿದರು ಎನ್ನುವುದನ್ನು ನಾನು ಬರೆಯಬೇಕಾಗಿಲ್ಲ.

ಇನ್ನು ನಿಮ್ಮ ವಿಷಯ. ಜವಳಕ್ಕೆ ಬಹಳ ಮನೆಗಳಲ್ಲಿ ಬೆಸ ವರ್ಷ ನೋಡುತ್ತಾರೆ. ಈಗ ತಪ್ಪಿದರೆ ಮೂರನೆಯ ವರ್ಷದ ತನಕ ಕಾಯಬೇಕಾಗಬಹುದು. ಹಿರಿಯರಿಗೆ ಈ ಕಾರಣವನ್ನೇ ಮುಂದಿಟ್ಟು ಕೇಳಿ, ಒಪ್ಪುತ್ತಾರೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಕೂದಲು ತೆಗೆಸಿದರೆ ಸಾಕು, ಪೆಂಡಾಲು, ನೂರು ಜನರ ಊಟ ಬೇಡ. ಎಲ್ಲಿ, ಯಾವಾಗ ಎನ್ನುವುದನ್ನು ಮಾತ್ರ ನಿಮ್ಮ ತಾಯಿಯೇ ನಿರ್ಧರಿಸಲಿ. ತಮ್ಮನ ಮೊದಲ ಸಂಬಳ ಬಂದ ದಿನ ಸಿಹಿ ತರಲಿ, ಬೇಡವೆನ್ನಬೇಡಿ. ನಿಮ್ಮ ತಂದೆ ತಮ್ಮ ಮೊದಲ ಸಂಬಳದಲ್ಲಿ ಏನು ತಂದಿದ್ದರು ಎಂದು ಆಗ ತಾಯಿಯನ್ನು ಕೇಳಿ. ನಿಮಗೆ ಗೊತ್ತಿಲ್ಲದ ಎಷ್ಟೋ ವಿಷಯ ಅವರ ಬಾಯಿಂದ ಹೊರಗೆ ಬರುತ್ತದೆ, ತಮ್ಮನೂ ಕೇಳಿಸಿಕೊಳ್ಳುತ್ತಾನೆ. ನಡುವೆ ಅವರಿಗೆ ಅಳು ಬಂದರೆ ಬರಲಿ, ಸಮಾಧಾನ ಹೇಳಲು ಅವಸರ ಮಾಡಬೇಡಿ. ಮಗಳು ಹೆಜ್ಜೆ ಇಟ್ಟದ್ದನ್ನು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿ, ಬೇಡವೆಂದ ಹಿರಿಯರಿಗೂ ಕಳಿಸಿ. ಅವರೇ ಮೊದಲು ಫೋನ್ ಮಾಡುತ್ತಾರೆ.