ಲಾಗಿನ್ ನನ್ನದು, ಬೆರಳು ಮ್ಯಾನೇಜರದು

ಪ್ರಶ್ನೆ: ಮೇಡಂ, ನಾನು ಮೂಡಿಗೆರೆ ಕಡೆಯವಳು, ವಯಸ್ಸು 26. ಚಿಕ್ಕಮಗಳೂರಿನ ಒಂದು ಕಾಫಿ ಖರೀದಿ ಕಂಪನಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೇನೆ. ಪಾರ್ಚ್‌ಮೆಂಟಿನ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ತೇವ ಅಳೆಯುವ ಮಾಯಿಶ್ಚರ್ ಮೀಟರ್‌ನಲ್ಲಿ 10.5 ಪರ್ಸೆಂಟ್ ಬಂದರೆ ಮ್ಯಾನೇಜರ್ 12.5 ಅಂತ ಟೈಪ್ ಮಾಡಿಸುತ್ತಿದ್ದರು. ತೇವ ಜಾಸ್ತಿ ತೋರಿಸಿದಷ್ಟೂ ಬೆಳೆಗಾರರ ತೂಕದಲ್ಲಿ ಕಡಿತ. ಎರಡು ಸಲ ‘ಯಾಕೆ ಸರ್’ ಅಂದೆ. ಆಮೇಲೆ ನನ್ನ ಪಾಸ್‌ವರ್ಡ್ ಇಸ್ಕೊಂಡರು. ಈಗ ನಾನು ಆರು ಗಂಟೆಗೆ ಹೊರಟ ಮೇಲೆ ನನ್ನ ಲಾಗಿನ್‌ನಲ್ಲೇ ತಿದ್ದುತ್ತಾರೆ. ಬಿಲ್ ಮಾರನೇ ದಿನ ಹೋಗುತ್ತದೆ. ನಮ್ಮ ದೊಡ್ಡಪ್ಪನೂ ಅಲ್ಲೇ ಕಾಫಿ ಹಾಕುವುದು. ಅಪ್ಪನಿಗೆ ಹುಷಾರಿಲ್ಲದಾಗ ಅಡ್ವಾನ್ಸ್ ಕೊಟ್ಟವರು ಇದೇ ಮಾಲೀಕರು. ಅಮ್ಮ ‘ಊರ ಉಸಾಬರಿ ನಮಗ್ಯಾಕೆ’ ಅನ್ನುತ್ತಾರೆ. ಡೇಟಾವನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೆಳೆಗಾರರ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿಟ್ಟುಬಿಡಲಾ? ಇಲ್ಲಾ ಸುಮ್ನೆ ಕೆಲಸ ಬಿಡಲಾ?

ಉತ್ತರ: ಮೊದಲು ಪಾಸ್‌ವರ್ಡ್ ವಿಷಯ ಮಾತಾಡೋಣ, ಉಳಿದದ್ದು ಆಮೇಲೆ. ಕೀಲಿ ಒತ್ತಿದ ಬೆರಳು ಯಾರದ್ದು ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಯಾವ ಲಾಗಿನ್, ಎಷ್ಟು ಗಂಟೆ, ಮೊದಲು ಏನಿತ್ತು, ಈಗ ಏನಾಯಿತು, ಇಷ್ಟನ್ನೇ ಅದು ಬರೆದಿಟ್ಟುಕೊಳ್ಳುವುದು. ನಾಳೆ ಯಾರಾದರೂ ತೆಗೆದು ನೋಡಿದರೆ ರಾತ್ರಿ ಹೊತ್ತು 10.5 ಅನ್ನು 12.5 ಮಾಡಿದವರು ನೀವೇ ಆಗಿರುತ್ತೀರಿ. ಸುಮ್ನೆ ಕೆಲಸ ಬಿಟ್ಟರೂ ಆ ಹೆಸರು ಅಲ್ಲೇ ಉಳಿಯುತ್ತದೆ, ಅಲ್ವಾ? ಇವತ್ತೇ ಪಾಸ್‌ವರ್ಡ್ ಬದಲಾಯಿಸಿ. ಮತ್ತೆ ಕೇಳಿದರೆ, ‘ಸರ್, ನಿಮ್ಮ ಹೆಸರಲ್ಲೇ ಒಂದು ಲಾಗಿನ್ ಮಾಡಿಸಿಕೊಳ್ಳಿ’ ಅನ್ನಿ. ಜಗಳ ಬೇಡ. ಅದೇ ಮಾತನ್ನು ಒಂದು ಸಾಲಿನ ಇಮೇಲ್ ಮಾಡಿ ಇಟ್ಟುಕೊಳ್ಳಿ. ನೀವು ಆರಕ್ಕೆ ಹೊರಟಿದ್ದಕ್ಕೆ ಹಾಜರಿ ಪುಸ್ತಕವೋ ಬೆರಳಚ್ಚಿನ ಮೆಷಿನ್ನೋ ಸಾಕ್ಷಿ ಹೇಳುತ್ತದೆ.

ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಈ ದಾಖಲೆ, ಅಂದರೆ ಲಾಗ್, ನಿಮಗೆ ಅಪಾಯ ಇದ್ದಷ್ಟೇ ಆಸರೆಯೂ ಹೌದು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ, 2023ರ ಏಪ್ರಿಲ್ 1ರಿಂದ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ತಾರೀಕಿನ ಸಮೇತ ದಾಖಲಾಗಬೇಕು, ಅದನ್ನು ಆಫ್ ಮಾಡುವಂತಿಲ್ಲ. ಅದು ಸರಿಯಾಗಿ ಇದೆಯೋ ಇಲ್ಲವೋ ಅಂತ ಆಡಿಟರ್ ವರದಿಯಲ್ಲಿ ಹೇಳಲೇಬೇಕು.

ಪೆನ್‌ಡ್ರೈವ್ ಮಾತ್ರ ಖಂಡಿತ ಬೇಡ. ಆ ಫೈಲಿನಲ್ಲಿ ನೂರಾರು ಬೆಳೆಗಾರರ ಫೋನ್ ನಂಬರು, ಬ್ಯಾಂಕ್ ಖಾತೆ ಎಲ್ಲಾ ಇರುತ್ತದೆ. ಯಾರಿಗೆ ನ್ಯಾಯ ಕೊಡಿಸಲು ಹೊರಟಿದ್ದೀರೋ ಅವರದ್ದೇ ಗುಟ್ಟು ಬೀದಿಗೆ ಬೀಳುತ್ತದೆ. ಮೇಲಾಗಿ ಮಾಲೀಕರ ಅನುಮತಿಯಿಲ್ಲದೆ ಡೇಟಾ ನಕಲು ಮಾಡಿದರೆ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಎದ್ದು ಬರುತ್ತದೆ. ಅಪ್ರಾಮಾಣಿಕ ಉದ್ದೇಶ ಅಂತ ವಾದ ಮಾಡಿದರೆ 66ನೇ ಸೆಕ್ಷನ್ ಕೂಡ. ಅದರಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಮೋಸ ಮಾಡಿದವರು ಹೊರಗೆ, ಹೇಳಿದವರು ಕಟಕಟೆಯಲ್ಲಿ ಅನ್ನುವ ಹಾಗಾಗಬಾರದು.

ಆಫೀಸಿನ ಕಂಪ್ಯೂಟರ್, ಪ್ರಿಂಟರ್ ಯಾವುದನ್ನೂ ಈ ಕೆಲಸಕ್ಕೆ ಮುಟ್ಟಬೇಡಿ. 2017ರಲ್ಲಿ ಅಮೆರಿಕದಲ್ಲಿ ರಿಯಾಲಿಟಿ ವಿನ್ನರ್ ಎಂಬ ಯುವತಿ ಒಂದು ಗುಪ್ತ ವರದಿಯನ್ನು ಸುದ್ದಿಸಂಸ್ಥೆಗೆ ಕಳಿಸಿದಳು. ಅದನ್ನು ಪ್ರಿಂಟ್ ತೆಗೆದಿದ್ದವರು ಆರೇ ಜನ. ಆ ಆರರಲ್ಲಿ ಅದೇ ಸುದ್ದಿಸಂಸ್ಥೆಗೆ ಆಫೀಸಿನ ಕಂಪ್ಯೂಟರಿನಿಂದ ಇಮೇಲ್ ಮಾಡಿದ್ದವಳು ಇವಳೊಬ್ಬಳೇ. ಸಿಕ್ಕಿಬಿದ್ದಳು, ಐದು ವರ್ಷಕ್ಕೂ ಜಾಸ್ತಿ ಶಿಕ್ಷೆಯಾಯಿತು. ನಿಮ್ಮದು ಅಂಥ ಗುಟ್ಟಲ್ಲ. ಆದರೆ ಯಂತ್ರ ನೆನಪಿಟ್ಟುಕೊಳ್ಳುವ ರೀತಿ ಎಲ್ಲ ಕಡೆಯೂ ಒಂದೇ.

ಬದಲಿಗೆ ಒಂದು 100 ಪುಟದ ನೋಟ್‌ಬುಕ್ ತಂದು ಮನೆಯಲ್ಲಿಡಿ. ದಿನಾ ರಾತ್ರಿ ಬರೆಯಿರಿ: ತಾರೀಕು, ಸ್ಲಿಪ್ ನಂಬರು, ಮೀಟರ್ ತೋರಿಸಿದ್ದೆಷ್ಟು, ಮಾರನೇ ದಿನ ಬಿಲ್ಲಿನಲ್ಲಿ ಇದ್ದದ್ದೆಷ್ಟು, ಮ್ಯಾನೇಜರ್ ಏನೆಂದರು. ಈಗಾಗಲೇ ಮೊಬೈಲ್‌ನಲ್ಲಿ ಫೋಟೋ ತೆಗೆದಿದ್ದರೆ ಹಾಗೇ ಇರಲಿ. ಕತ್ತರಿಸಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸಬೇಡಿ. ಹಾಗೆ ಕಳಿಸಿದ ಫೋಟೋದಲ್ಲಿ ಯಾವಾಗ ತೆಗೆದದ್ದು ಅನ್ನುವ ಮಾಹಿತಿ ಅಳಿಸಿಹೋಗುತ್ತದೆ. ಕೋರ್ಟಿಗೆ ಬೇಕಾಗುವುದು ಅಸಲಿ.

ಅಮ್ಮನ ಭಯ ನನಗೆ ಅರ್ಥವಾಗುತ್ತದೆ. ವಿಷಲ್ ಬ್ಲೋವರ್‌ಗಳನ್ನು, ಅಂದರೆ ಒಳಗಿನ ಅಕ್ರಮವನ್ನು ಬಯಲಿಗೆ ತರುವವರನ್ನು ಕಾಪಾಡುವ ಕಾಯ್ದೆ 2014ರಲ್ಲೇ ಪಾಸಾಯಿತು. ಇನ್ನೂ ಜಾರಿಗೆ ಬಂದಿಲ್ಲ. ಬಂದರೂ ಅದು ಸರ್ಕಾರಿ ಹುದ್ದೆಯಲ್ಲಿರುವವರ ಮೇಲಿನ ದೂರಿಗೆ, ನಿಮ್ಮಂಥ ಖಾಸಗಿ ನೌಕರರಿಗೆ ಒದಗುವುದಿಲ್ಲ. ಇದು ನನಗೆ ತುಂಬ ಬೇಸರ ತರುವ ಸಂಗತಿ. ಅದಕ್ಕೇ ಒಬ್ಬರೇ ಓಡಾಡಬೇಡಿ. ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಹೋಗಲು ಹಿಂಜರಿಕೆಯಾದರೆ 15100ಕ್ಕೆ ಫೋನ್ ಮಾಡಿ. ಮೊದಮೊದಲು ನೀವೇ ಟೈಪ್ ಮಾಡಿದ್ದನ್ನು ಅವರ ಹತ್ತಿರ ಮುಚ್ಚಿಡಬೇಡಿ.

ಇನ್ನು ಮಾಲೀಕರ ಋಣ. ಉಂಡ ಮನೆಗೆ ಎರಡು ಬಗೆದ ಹಾಗಾಗುತ್ತದೆ ಅಂತ ನಿಮಗೆ ಸಂಕಟ. ಅವರಿಗೆ ಇದು ಗೊತ್ತಿಲ್ಲದೆಯೂ ಇರಬಹುದು. ವಕೀಲರನ್ನು ಕಂಡ ಮೇಲೆ ಅವರಿಗೇ ಮೊದಲು ಬರವಣಿಗೆಯಲ್ಲಿ ತಿಳಿಸಿ. ಅಡ್ವಾನ್ಸ್ ತೀರಿಸುವುದು ಸಂಬಳದಿಂದ. ಆ ಎರಡು ಪರ್ಸೆಂಟ್ ಲೆಕ್ಕದಲ್ಲಿ ಬೆಳೆಗಾರರ ಎರಡು ಟನ್ನಿಗೆ ಆಗುವ 40 ಕೆಜಿ ಕಡಿತದಿಂದ ಅಲ್ಲ. ಅವರೂ ಸುಮ್ಮನಾದರೆ ಪೊಲೀಸ್ ದೂರು. ಅಷ್ಟರಲ್ಲಿ ನಿಮ್ಮ ಪಕ್ಕದಲ್ಲಿ ವಕೀಲರಿರುತ್ತಾರೆ.

ದೊಡ್ಡಪ್ಪನ ಹತ್ತಿರ ಮಾತ್ರ ಈ ಭಾನುವಾರವೇ ಹೋಗಿ. ಮೀಟರ್ ಓದುವಾಗ ಪಕ್ಕದಲ್ಲೇ ನಿಂತು ನೋಡುವುದು, ಆ ಅಂಕಿಯನ್ನು ಸ್ಲಿಪ್ಪಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳುವುದು, ಬಿಲ್ಲಿನ ಜೊತೆ ತಾಳೆ ನೋಡುವುದು, ಇವೆಲ್ಲ ಬೆಳೆಗಾರರಾಗಿ ಅವರು ಕೇಳಬಹುದಾದದ್ದೇ. ಅದಕ್ಕೆ ನಿಮ್ಮ ಆಫೀಸಿನ ಒಂದು ಹಾಳೆಯೂ ಬೇಡ. ಅವರ ಕಣದಲ್ಲಿ ಒಣಗುತ್ತಿರುವ ರೋಬಸ್ಟಾ ಕಾಫಿ ಲೋಡ್ ಆಗುವ ಮೊದಲು ಈ ಮಾತು ಆಗಲಿ. ‘ಮೊದಲು ನಾನೂ ಟೈಪ್ ಮಾಡಿದ್ದೆ ದೊಡ್ಡಪ್ಪ’ ಅನ್ನುವುದನ್ನೂ ನೀವೇ ಹೇಳಿಬಿಡಿ. ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳುವುದು ಬೇಡ.