ಮಿತಭಾಷಿಯೂ ಮುಗುಮ್ಮೂ ಒಂದೇ ಅಲ್ಲ

ಪ್ರಶ್ನೆ: ನಮ್ಮ ಕಚೇರಿಯ ಹಿರಿಯರೊಬ್ಬರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಸ್ವಭಾವ ಅವರದು. ಅಭಿನಂದನಾ ಪತ್ರದಲ್ಲಿ ‘ಸದಾ ಮುಗುಮ್ಮಾಗಿರುವ ಸರಳ ಜೀವಿ’ ಎಂದು ಬರೆದೆ. ಸಹೋದ್ಯೋಗಿಗಳು ಅದನ್ನು ಹೊಡೆದುಹಾಕಿ ‘ಮಿತಭಾಷಿ’ ಎಂದು ಸೇರಿಸಿದರು. ಎರಡರ ಅರ್ಥವೂ ಒಂದೇ ಅಲ್ಲವೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಅಲ್ಲ. ನಿಮ್ಮ ಸಹೋದ್ಯೋಗಿಗಳು ಸಮಾರಂಭದ ಮಾನ ಉಳಿಸಿದ್ದಾರೆ.

‘ಮಿತ’ ಎಂದರೆ ಅಳತೆಗೆ ಒಳಪಟ್ಟದ್ದು. ಮಿತಾಹಾರ, ಮಿತವ್ಯಯಗಳಲ್ಲಿ ಇರುವುದೂ ಇದೇ. ಮಿತಾಹಾರಿ ಉಪವಾಸ ಇರುವವನಲ್ಲ. ಮಿತಭಾಷಿಯೂ ಮಾತು ಬಿಟ್ಟವನಲ್ಲ, ಬೇಕಾದಷ್ಟನ್ನೇ ಆಡುವವನು. ಪದದಲ್ಲೇ ಮೆಚ್ಚುಗೆ ಇದೆ.

‘ಮುಗುಮ್ಮು’ ಹಾಗಲ್ಲ. ಅಲ್ಲಿ ಮಾತು ಎಷ್ಟು ಎಂಬುದಕ್ಕಿಂತ ಮುಚ್ಚಿಟ್ಟದ್ದು ಏನು ಎಂಬುದೇ ಮುಖ್ಯ. ವರ್ಗಾವಣೆ ಪಟ್ಟಿಯಲ್ಲಿ ಯಾರ ಹೆಸರಿದೆಯೆಂದು ಗೊತ್ತಿದ್ದೂ ಹೇಳದ ಗುಮಾಸ್ತರು ಮುಗುಮ್ಮಾಗಿರುತ್ತಾರೆ. ಅದೇ ಗುಮಾಸ್ತರು ಊಟದ ಹೊತ್ತಿನಲ್ಲಿ ಕ್ರಿಕೆಟ್ ಬಗ್ಗೆ ಎಡೆಬಿಡದೆ ಮಾತನಾಡಬಹುದು. ಸಂದರ್ಭಕ್ಕೆ ಅಂಟಿಕೊಂಡ ಪದ ಅದು. ‘ಸದಾ’ ಎಂದು ಸೇರಿಸಿ ಅದನ್ನೇ ಸ್ವಭಾವವಾಗಿಸಿದರೆ, ಹಿರಿಯರು ಏನನ್ನೋ ಬಚ್ಚಿಟ್ಟುಕೊಂಡೇ ಸೇವಾವಧಿ ಮುಗಿಸಿದರು ಎಂಬ ಗುಮಾನಿ ಹುಟ್ಟುತ್ತದೆ! ಇನ್ನೊಂದು ಹೆಜ್ಜೆ ಹಾಕಿದರೆ ‘ಗುಮ್ಮನಗುಸಕ’. ಅಮಾಯಕನಂತೆ ಕುಳಿತು ಒಳಗೊಳಗೇ ಹವಣಿಸುವವನು. ಅದಂತೂ ನೇರ ಬೈಗುಳ.

ಸಂಕೋಚದವರ ವಿಷಯ ಬೇರೆ. ಅವರಿಗೆ ಆಡುವ ಆಸೆ ಇರುತ್ತದೆ, ಬಾಯಿ ಬರುವುದಿಲ್ಲ. ಬಿಗುಮಾನದವರು ತಾವಾಗಿ ಮೊದಲು ಮಾತನಾಡಿಸುವುದಿಲ್ಲ, ಅಷ್ಟೆ. ‘ಮೌನಿ’ಯನ್ನು ವ್ರತ ಹಿಡಿದವರಿಗೂ ಉತ್ತರ ಕೊಡದ ಮಂತ್ರಿಗಳಿಗೂ ಬಿಟ್ಟುಬಿಡೋಣ.

ನಮ್ಮ ಅಭಿನಂದನಾ ಪತ್ರಗಳಲ್ಲಿ ಮಿತಭಾಷಿಯ ಬೆನ್ನಿಗೇ ‘ಮೃದುಭಾಷಿ’ಯೂ ಬರುವುದು ವಾಡಿಕೆ. ಅದು ದನಿಗೆ ಸಂಬಂಧಿಸಿದ್ದು. ಮೆಲುದನಿಯಲ್ಲೇ ಒಂದು ಗಂಟೆ ಕೊರೆಯುವವರು ಎಷ್ಟು ಜನರಿಲ್ಲ! ನಿಮ್ಮ ಹಿರಿಯರು ನಿಜಕ್ಕೂ ಮೆಲುದನಿಯವರಾಗಿದ್ದರೆ ಮಾತ್ರ ಸೇರಿಸಿ.

ಮುದ್ರಣಕ್ಕೆ ಕೊಡುವ ಮುನ್ನ ಕಾಗುಣಿತವನ್ನೂ ನೋಡಿಕೊಳ್ಳಿ. ‘ಮಿತಬಾಷಿ’, ‘ಮಿತಭಾಶಿ’ ಎರಡೂ ತಪ್ಪು. ಹೆಣ್ಣಿಗೆ ‘ಮಿತಭಾಷಿಣಿ’ ಎಂಬ ರೂಪ ಇದ್ದರೂ ಕನ್ನಡದಲ್ಲಿ ‘ಮಿತಭಾಷಿ’ ಇಬ್ಬರಿಗೂ ಒಪ್ಪುತ್ತದೆ.

ನನ್ನನ್ನು ಕೇಳಿದರೆ, ‘ಹೆಚ್ಚು ಮಾತಿನವರಲ್ಲ’ ಎಂದು ಬರೆದರೆ ಸಾಕು. ವೇದಿಕೆಯಲ್ಲಿ ಓದುವವರ ನಾಲಿಗೆಗೂ ಸುಲಭ.